ಗಿಡ ಬಾಡುವ ಮೊದಲೇ ಸುಳಿವು ಕೊಡುವ ತಕ್ಕಡಿ: ಟೊಮೆಟೊ ಕುಂಡದಡಿ ಲೋಡ್ ಸೆಲ್, ಮೇಲೆ ಬರ, ಎಬಿಎ, ಜೌಗು

ಎಲೆ ಜೋತುಬಿದ್ದ ಮೇಲೆ ಗಿಡಕ್ಕೆ ನೀರು ಸಾಲುತ್ತಿಲ್ಲ ಎಂದು ಗೊತ್ತಾದರೆ ಅದು ತಡವಾಗಿ ಸಿಕ್ಕ ಸುದ್ದಿ. ಅಷ್ಟು ಹೊತ್ತಿಗೆ ಗಿಡದೊಳಗೆ ಬರದ ಸಂದೇಶ ಒಯ್ಯುವ ಹಾರ್ಮೋನಾದ ಅಬ್ಸಿಸಿಕ್ ಆಮ್ಲ, ಅಂದರೆ ಎಬಿಎ, ಏರಿ, ಎಲೆಯ ಸೂಕ್ಷ್ಮ ಬಾಯಿಗಳಾದ ಪತ್ರರಂಧ್ರಗಳು ಕಿರಿದಾಗಿ, ದ್ಯುತಿಸಂಶ್ಲೇಷಣೆ ಇಳಿದು ಎಷ್ಟೋ ಗಂಟೆಗಳೋ ದಿನಗಳೋ ಕಳೆದಿರುತ್ತವೆ. ಮಣ್ಣಿಗೆ ಚುಚ್ಚುವ ತೇವಾಂಶ ಮಾಪಕ ಇದನ್ನು ಹೇಳುವುದಿಲ್ಲ. ಮಣ್ಣಿನಲ್ಲಿ ನೀರೆಷ್ಟಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಆ ನೀರನ್ನು ಗಿಡ ಬಳಸುತ್ತಿದೆಯೋ ಇಲ್ಲವೋ ಎಂಬುದು ತಿಳಿಯಬೇಕಾದರೆ ಕುಂಡವನ್ನು ಸತತವಾಗಿ ತೂಗಬೇಕು. ಇಲ್ಲಿ ಕಟ್ಟುತ್ತಿರುವುದು ಅದಕ್ಕೆ ಬೇಕಾದ ತಕ್ಕಡಿ. ನಾಲ್ಕು ತಟ್ಟೆಗಳು, ಐದು ನಿಮಿಷಕ್ಕೊಂದು ಓದು, ಮೂರು ಪರೀಕ್ಷೆಗಳು.

ಬೇಕಾದ ಸಾಮಾನು

10 ಕಿ.ಗ್ರಾಂ ಸಾಮರ್ಥ್ಯದ, ಉದ್ದ ಪಟ್ಟಿಯಂತಿದ್ದು, ಭಾರಕ್ಕೆ ಬಾಗಿದಷ್ಟನ್ನು ವಿದ್ಯುತ್ ಸಂಕೇತವಾಗಿಸುವ ಸಿಂಗಲ್ ಪಾಯಿಂಟ್ ಲೋಡ್ ಸೆಲ್ ನಾಲ್ಕು. ಪ್ರತಿಯೊಂದಕ್ಕೂ, ಅದರ ಸೂಕ್ಷ್ಮ ಸಂಕೇತವನ್ನು ಸಂಖ್ಯೆಯಾಗಿಸುವ ಎಚ್‌ಎಕ್ಸ್711 ಬೋರ್ಡ್. ಎಲ್ಲಕ್ಕೂ ಸೇರಿ ಓದು ದಾಖಲಿಸುವ ಒಂದು ಪುಟ್ಟ ನಿಯಂತ್ರಕ, ಇಎಸ್‌ಪಿ32. ಗಾಳಿಯ ಉಷ್ಣತೆ, ತೇವಾಂಶಕ್ಕೆ ಎಸ್‌ಎಚ್‌ಟಿ31, ಎಲೆಯ ಉಷ್ಣತೆಗೆ ಎಂಎಲ್‌ಎಕ್ಸ್90614. ತಟ್ಟೆಗೆ 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆ. ಪ್ಲೈವುಡ್ ಬೇಡ. ಅದು ಗಾಳಿಯ ತೇವ ಹೀರಿ ತಾನೇ ತೂಕ ಬದಲಿಸುತ್ತದೆ, ಭಾರಕ್ಕೆ ನಿಧಾನವಾಗಿ ಬಾಗುತ್ತದೆ.

ಕುಂಡದ ಲೆಕ್ಕ ಮೊದಲೇ ಹಾಕಿಕೊಳ್ಳಿ. 5 ಲೀಟರ್ ಕುಂಡಕ್ಕೆ 4 ಲೀಟರ್ ಗೋಡು ಮಣ್ಣು, ಮರಳು ಮಿಶ್ರಣ ಹಾಕಿದರೆ ಒಣತೂಕ ಸುಮಾರು 5.2 ಕಿ.ಗ್ರಾಂ. ಮೇಲೆ ಒಂದು ಕಿಲೋದಷ್ಟು ನೀರು, ಕುಂಡ, ಗಿಡ ಎಲ್ಲ ಸೇರಿ 7 ಕಿ.ಗ್ರಾಂ ಒಳಗೆ ನಿಲ್ಲುತ್ತದೆ. ಜೌಗಿನ ಪರೀಕ್ಷೆಯಲ್ಲಿ ಹೊರ ಬಕೆಟ್ಟು, ಹೆಚ್ಚುವರಿ ನೀರು ಸೇರಿ ಎಂಟೂವರೆಗೆ ಹೋಗಬಹುದು. ಹಾಗಾಗಿ 10 ಕಿಲೋದ ಸೆಲ್ ಸಾಕು. ಸುರಕ್ಷಿತವಾಗಿರಲಿ ಎಂದು 50 ಕಿಲೋದ್ದು ತಂದರೆ ಕೆಲಸ ಕೆಡುತ್ತದೆ: ಉಷ್ಣತೆಯಿಂದ ಬರುವ ದೋಷ ಪೂರ್ಣ ಸಾಮರ್ಥ್ಯದ ಶೇಕಡಾವಾರು ಲೆಕ್ಕದಲ್ಲಿ ಬರುವುದರಿಂದ, ದೊಡ್ಡ ಸೆಲ್‌ನಲ್ಲಿ ಆ ದೋಷದ ಗ್ರಾಂಗಳೂ ಅಷ್ಟೇ ಪಟ್ಟು ಬೆಳೆಯುತ್ತವೆ.

ತಟ್ಟೆ ಕೂರಿಸುವುದು

ಸೆಲ್‌ನ ಒಂದು ತುದಿ ಕೆಳಗಿನ ಹಾಳೆಗೆ, ಇನ್ನೊಂದು ತುದಿ ಮೇಲಿನ ಹಾಳೆಗೆ. ಎರಡೂ ಕಡೆ ಹಾಳೆ ಮತ್ತು ಸೆಲ್ ನಡುವೆ 2ರಿಂದ 3 ಮಿ.ಮೀ. ವಾಷರ್ ಇರಲೇಬೇಕು, ಇಲ್ಲದಿದ್ದರೆ ಪಟ್ಟಿಯ ನಡುಭಾಗ ಹಾಳೆಗೆ ತಾಗಿ ಬಾಗುವುದೇ ಇಲ್ಲ. ಸೆಲ್ ಮೇಲಿನ ಬಾಣದ ಗುರುತು ಭಾರ ಬೀಳುವ ದಿಕ್ಕಿಗೆ, ಅಂದರೆ ಕೆಳಮುಖವಾಗಿರಲಿ. ತಟ್ಟೆಯ ನಾಲ್ಕೂ ಮೂಲೆಗಳಲ್ಲಿ ಒಂದೇ ಬಾಟಲಿ ಇಟ್ಟು ನೋಡಿ. ಮೂಲೆಯಿಂದ ಮೂಲೆಗೆ ಓದು ಕೆಲವು ಗ್ರಾಂಗಿಂತ ಹೆಚ್ಚು ಬದಲಾದರೆ ಯಾವುದೋ ಸ್ಕ್ರೂ ಸಡಿಲವಿದೆ ಅಥವಾ ಹಾಳೆ ಎಲ್ಲೋ ತಾಗುತ್ತಿದೆ.

ಹನಿ ನೀರಾವರಿಯ ಪೈಪನ್ನು ಕುಂಡಕ್ಕೆ ಸಿಕ್ಕಿಸಿ ಬಿಡುವ ಆಸೆ ಯಾರಿಗೂ ಬರುತ್ತದೆ. ಬಿಡಬೇಡಿ. ಬಿಸಿಲಿಗೆ ಮೆತ್ತಗಾಗಿ ರಾತ್ರಿ ಗಡುಸಾಗುವ ಪೈಪು ಕುಂಡವನ್ನು ಎತ್ತುತ್ತದೆ, ಒತ್ತುತ್ತದೆ. ಗ್ರಾಫಿನಲ್ಲಿ ಅದು ಅಚ್ಚುಕಟ್ಟಾದ ದಿನಚರಿಯಂತೆ ಕಂಡು ಎಲೆಯಿಂದ ನೀರು ಆವಿಯಾಗುವ ಬಾಷ್ಪವಿಸರ್ಜನೆಯೆಂದೇ ಭ್ರಮೆ ಹುಟ್ಟಿಸುತ್ತದೆ. ಗಿಡಕ್ಕೆ ಕೊಡುವ ಊರುಗೋಲು ಕುಂಡದೊಳಗೇ ನೆಟ್ಟಿರಬೇಕು. ಮೇಲಿನಿಂದ ದಾರ ಕಟ್ಟಿ ಇಳಿಬಿಟ್ಟರೆ ಗಿಡದ ಭಾರದ ಪಾಲು ದಾರಕ್ಕೆ ಹೋಗುತ್ತದೆ.

ತಂತಿ ಮತ್ತು ಓದು

ಸಾಮಾನ್ಯವಾಗಿ ಕೆಂಪು ಇ ಪ್ಲಸ್, ಕಪ್ಪು ಇ ಮೈನಸ್, ಹಸಿರು ಎ ಪ್ಲಸ್, ಬಿಳಿ ಎ ಮೈನಸ್. ಭಾರ ಇಟ್ಟಾಗ ಸಂಖ್ಯೆ ಇಳಿದರೆ ಹಸಿರು, ಬಿಳಿ ಅದಲು ಬದಲು ಮಾಡಿದರಾಯಿತು. ಎಚ್‌ಎಕ್ಸ್711ರಲ್ಲಿ ಸೆಲ್‌ಗೆ ಕೊಡುವ ವೋಲ್ಟೇಜೇ ಅಳತೆಯ ಆಧಾರವೂ ಆಗಿರುವುದರಿಂದ ಪೂರೈಕೆ ತುಸು ಏರಿಳಿದರೂ ಓದು ಕೆಡುವುದಿಲ್ಲ. ಆದರೆ ಬೋರ್ಡಿಗೆ 5 ವೋಲ್ಟ್ ಕೊಟ್ಟರೆ ಡೇಟಾ ಪಿನ್ನಿನಲ್ಲೂ 5 ವೋಲ್ಟ್ ಬರುತ್ತದೆ, ಇಎಸ್‌ಪಿ32ರ ಪಿನ್ನುಗಳು 3.3 ವೋಲ್ಟಿನವು. ಡಿಜಿಟಲ್ ಭಾಗಕ್ಕೆ ಬೇರೆ ಪಿನ್ ಇರುವ ಬೋರ್ಡ್ ಸಿಕ್ಕರೆ ಅದಕ್ಕೆ 3.3, ಸೆಲ್ ಭಾಗಕ್ಕೆ 5 ಕೊಡಿ. ಇಲ್ಲದಿದ್ದರೆ ಇಡೀ ಬೋರ್ಡಿಗೆ 3.3.

ನಾಲ್ಕು ಬೋರ್ಡಿಗೂ ಕ್ಲಾಕ್ ಪಿನ್ ಒಂದೇ ಸಾಕು, ಡೇಟಾ ಪಿನ್ ನಾಲ್ಕು ಬೇರೆ ಬೇರೆ. ಹೀಗೆ ಮಾಡಿದರೆ ನಾಲ್ಕನ್ನೂ ಒಂದೇ ಬಾರಿಗೆ ಓದಬಹುದು. ವೇಗ ಸೆಕೆಂಡಿಗೆ 10 ಓದು ಇರಲಿ, 80 ಬೇಡ. 10ರಲ್ಲಿದ್ದಾಗ ಚಿಪ್ಪು 50 ಮತ್ತು 60 ಹರ್ಟ್ಸ್ ವಿದ್ಯುತ್ ಗದ್ದಲ ಎರಡನ್ನೂ ಸೋಸಿಬಿಡುತ್ತದೆ.

ಆಗಾಗ ಕಾಣುವ ಒಂದು ತೊಂದರೆ: ಓದುಗಳ ನಡುವೆ ಇದ್ದಕ್ಕಿದ್ದಂತೆ ಅರ್ಥವಿಲ್ಲದ ದೊಡ್ಡ ಸಂಖ್ಯೆ. ಕ್ಲಾಕ್ ಪಿನ್ 60 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಮೇಲಿದ್ದರೆ ಎಚ್‌ಎಕ್ಸ್711 ನಿದ್ರೆಗೆ ಜಾರುತ್ತದೆ. ಓದಿನ ನಡುವೆ ವೈಫೈ ಕೆಲಸ ನುಗ್ಗಿದರೆ ಇದೇ ಆಗುವುದು. ಓದುವಷ್ಟು ಹೊತ್ತು ಇಂಟರಪ್ಟ್, ಅಂದರೆ ನಡುವೆ ನುಗ್ಗುವ ಕೆಲಸ, ನಿಲ್ಲಿಸಿ, ದತ್ತಾಂಶ ಕಳುಹಿಸುವುದನ್ನು ಓದು ಮುಗಿದ ಮೇಲೆ ಮಾಡಿ. ವಿದ್ಯುತ್ ಉಳಿಸಲೆಂದು ಓದುಗಳ ನಡುವೆ ಬೋರ್ಡ್ ಆರಿಸುವುದೂ ಬೇಡ. ಪ್ರತಿ ಬಾರಿ ಸೆಲ್ ಬಿಸಿಯೇರುವಾಗ ಓದು ಸರಿಯುತ್ತದೆ. ಐದು ನಿಮಿಷಕ್ಕೊಮ್ಮೆ 30 ಓದು ತೆಗೆದು ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ನಡುವೆ ಬರುವ ಸಂಖ್ಯೆ, ಉಳಿಸಿಕೊಳ್ಳಿ. ಸರಾಸರಿ ಬೇಡ, ಗಾಳಿಗೆ ಎಲೆ ಅಲುಗಾಡಿದ ಒಂದೆರಡು ಓದು ಸರಾಸರಿಯನ್ನು ಎಳೆದುಬಿಡುತ್ತವೆ.

ಮಾಪನಾಂಕಕ್ಕೆ, ಅಂದರೆ ಸೆಲ್‌ನ ಸಂಖ್ಯೆಯನ್ನು ಗ್ರಾಂಗೆ ಹೊಂದಿಸಲು, ನಿಖರ ತಕ್ಕಡಿಯಲ್ಲಿ ತೂಗಿದ ನೀರಿನ ಬಾಟಲಿಗಳು ಸಾಕು. ಸೊನ್ನೆ ಮತ್ತು 1 ಕಿಲೋ ನಡುವೆ ಮಾಡಬೇಡಿ. ಬಳಸುವ ವ್ಯಾಪ್ತಿಯಲ್ಲಿ, 5 ಮತ್ತು 8 ಕಿಲೋದಲ್ಲಿ ಮಾಡಿ. ಭಾರ ಇಟ್ಟು ಅರ್ಧ ಗಂಟೆ ಕಾದ ಮೇಲೆ ಸಂಖ್ಯೆ ಬರೆದುಕೊಳ್ಳಿ, ಲೋಹ ಭಾರಕ್ಕೆ ಒಗ್ಗಲು ಸಮಯ ಹಿಡಿಯುತ್ತದೆ.

ನಾಲ್ಕನೇ ತಟ್ಟೆಯಲ್ಲಿ ಗಿಡವಿಲ್ಲ

ನಾಲ್ಕನೇ ತಟ್ಟೆಯ ಮೇಲೆ ಇಡುವುದು ಮುಚ್ಚಳ ಬಿಗಿದ, ಮರಳು ತುಂಬಿದ 7 ಕಿಲೋ ಡಬ್ಬ. ಅದರ ತೂಕ ಬದಲಾಗುವಂತಿಲ್ಲ. ಬದಲಾದದ್ದು ಕಂಡರೆ ಅದು ಉಷ್ಣತೆಯ ಆಟ. ಈ ದರ್ಜೆಯ ಸೆಲ್‌ಗಳಲ್ಲಿ ಹಗಲು ರಾತ್ರಿಯ 10 ಡಿಗ್ರಿ ವ್ಯತ್ಯಾಸಕ್ಕೆ ಕೆಲವು ಗ್ರಾಂ ಸರಿಯುವುದು ಸಹಜ. ಮಧ್ಯಾಹ್ನ ಗಂಟೆಗೆ 60 ಗ್ರಾಂ ಕಳೆದುಕೊಳ್ಳುವ ಗಿಡದಲ್ಲಿ ಇದು ಲೆಕ್ಕಕ್ಕಿಲ್ಲ. ರಾತ್ರಿಯ ಕಥೆ ಬೇರೆ. ಕತ್ತಲಲ್ಲೂ ಪತ್ರರಂಧ್ರ ಪೂರ್ತಿ ಮುಚ್ಚುವುದಿಲ್ಲ. ಹಲವು ಬೆಳೆಗಳಲ್ಲಿ ರಾತ್ರಿಯ ಬಾಷ್ಪವಿಸರ್ಜನೆ ಹಗಲಿನದರ ಶೇ. 5ರಿಂದ 15ರಷ್ಟಿರುತ್ತದೆ. ಗಂಟೆಗೆ ನಾಲ್ಕೈದು ಗ್ರಾಂನ ಆ ಮೊತ್ತವನ್ನು ಉಷ್ಣತೆಯಿಂದಾಗುವ ಸರಿಯುವಿಕೆ ಸುಲಭವಾಗಿ ನುಂಗಿಹಾಕುತ್ತದೆ. ರಾತ್ರಿ ಗಿಡ ತೂಕ ಗಳಿಸಿತು ಎಂದು ಗ್ರಾಫ್ ಹೇಳಿದರೆ ಮೊದಲು ಮರಳಿನ ಡಬ್ಬದ ಗೆರೆ ನೋಡಿ. ಆ ಗೆರೆಯನ್ನು ಉಳಿದ ಮೂರರಿಂದ ಕಳೆಯಿರಿ. ಆಮೇಲೂ ಏರಿಕೆ ಉಳಿದರೆ ಎಲೆಯ ಮೇಲೆ ಇಬ್ಬನಿ ಕೂತಿದೆ. ಪ್ರತಿ ಸೆಲ್‌ನ ಉಷ್ಣತಾ ಸ್ವಭಾವ ಸ್ವಲ್ಪ ಬೇರೆ ಇರುವುದರಿಂದ, ಗಿಡ ಇಡುವ ಮೊದಲು ನಾಲ್ಕೂ ತಟ್ಟೆಗಳ ಮೇಲೆ ಮರಳಿನ ಡಬ್ಬ ಇಟ್ಟು ಎರಡು ದಿನ ಓಡಿಸಿ ಹೋಲಿಸಿಕೊಳ್ಳುವುದು ಒಳ್ಳೆಯದು.

ಗಾಳಿ ಎಷ್ಟು ಹೀರುತ್ತಿದೆ

ಗಿಡ ಕಳೆದುಕೊಳ್ಳುವ ನೀರು ಪತ್ರರಂಧ್ರವೊಂದರ ಕೈಯಲ್ಲಿಲ್ಲ. ಗಾಳಿಯ ಬಾಯಾರಿಕೆಯೂ ಸೇರಿದೆ. ಅದರ ಅಳತೆ ಆವಿ ಒತ್ತಡದ ಕೊರತೆ, ಚಿಕ್ಕದಾಗಿ ವಿಪಿಡಿ. ಉಷ್ಣತೆಯನ್ನು 17.27ರಿಂದ ಗುಣಿಸಿ, ಉಷ್ಣತೆಗೆ 237.3 ಕೂಡಿಸಿದ ಮೊತ್ತದಿಂದ ಭಾಗಿಸಿ. 2.718ಕ್ಕೆ ಅದನ್ನು ಘಾತವಾಗಿಸಿ 0.6108ರಿಂದ ಗುಣಿಸಿದರೆ ಸಂತೃಪ್ತ ಆವಿ ಒತ್ತಡ ಕಿಲೋಪಾಸ್ಕಲ್‌ನಲ್ಲಿ ಬರುತ್ತದೆ. 30 ಡಿಗ್ರಿಗೆ 4.24. ತೇವಾಂಶ ಶೇ. 50 ಇದ್ದರೆ ಕೊರತೆ 2.12. ಎಸ್‌ಎಚ್‌ಟಿ31ಕ್ಕೆ ಬಿಳಿ ನೆರಳು ಮಾಡಿ ಗಿಡದ ಎತ್ತರಕ್ಕೇ ತೂಗುಹಾಕಿ. ಬಿಸಿಲು ತಾಗಿದ ಸೆನ್ಸರ್ ಇಡೀ ಲೆಕ್ಕವನ್ನು ಸುಳ್ಳು ಮಾಡುತ್ತದೆ.

ಈಗ ಪತ್ರರಂಧ್ರದ ಲೆಕ್ಕ. ಎಲೆಗಳ ಒಟ್ಟು ವಿಸ್ತೀರ್ಣ 0.25 ಚದರ ಮೀಟರ್, ಗಂಟೆಗೆ 60 ಗ್ರಾಂ ನಷ್ಟ ಎಂದಿಟ್ಟುಕೊಳ್ಳಿ. ಅದು ಚದರ ಮೀಟರಿಗೆ ಸೆಕೆಂಡಿಗೆ 3.7 ಮಿಲಿಮೋಲ್. ವಿಪಿಡಿಯನ್ನು ವಾಯುಮಂಡಲದ ಒತ್ತಡ 101.3ರಿಂದ ಭಾಗಿಸಿದರೆ 0.0209. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ವಾಹಕತೆ, ಅಂದರೆ ಪತ್ರರಂಧ್ರ ಎಷ್ಟು ತೆರೆದಿದೆ ಎಂಬುದರ ಅಳತೆ, ಸುಮಾರು 177 ಮಿಲಿಮೋಲ್. ಎಲೆ ಗಾಳಿಯಷ್ಟೇ ಬಿಸಿ ಇದೆ ಎಂಬ ಊಹೆ ಇಲ್ಲಿದೆ. ಎಲೆ 2 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಎಲೆಯೊಳಗಿನ ಆವಿ ಒತ್ತಡ 4.75 ಆಗಿ, ಕೊರತೆ 2.63ಕ್ಕೇರಿ, ವಾಹಕತೆ 142ಕ್ಕಿಳಿಯುತ್ತದೆ. ಎರಡೇ ಡಿಗ್ರಿಗೆ ಐದನೇ ಒಂದು ಪಾಲು ದೋಷ. ಎಂಎಲ್‌ಎಕ್ಸ್90614 ಪಟ್ಟಿಯಲ್ಲಿ ಬಂದದ್ದು ಇದಕ್ಕಾಗಿಯೇ. ಅದರ ಸಾಮಾನ್ಯ ಮಾದರಿ 90 ಡಿಗ್ರಿ ಅಗಲಕ್ಕೆ ನೋಡುತ್ತದೆ, ಎಂದರೆ 2 ಸೆ.ಮೀ. ದೂರದಿಂದ 4 ಸೆ.ಮೀ. ವ್ಯಾಸದ ವೃತ್ತ. ಟೊಮೆಟೊದ ಕಿರುಎಲೆ ಅದನ್ನು ತುಂಬುವುದೇ ಕಷ್ಟ, ತುಂಬದಿದ್ದರೆ ಹಿಂದಿನ ಮಣ್ಣೂ ಗೋಡೆಯೂ ಲೆಕ್ಕಕ್ಕೆ ಸೇರುತ್ತವೆ. 35 ಡಿಗ್ರಿಯ ಮಾದರಿ ಸಿಕ್ಕರೆ ಅದನ್ನೇ ಹಾಕಿ. ಸೆನ್ಸರಿನ ನೆರಳು ಎಲೆಯ ಮೇಲೆ ಬೀಳದಂತೆ ಓರೆಯಾಗಿ ನಿಲ್ಲಿಸಿ.

ಪರೀಕ್ಷೆ ಒಂದು: ನಿಧಾನವಾಗಿ ಒಣಗಿಸುವುದು

ಟೊಮೆಟೊ ಸಸಿಗಳಿಗೆ ಏಳೆಂಟು ಎಲೆ ಬಂದಾಗ ಸಂಜೆ ಕುಂಡಗಳಿಗೆ ತುಂಬ ನೀರು ಹಾಕಿ, ರಾತ್ರಿಯಿಡೀ ಬಸಿಯಲು ಬಿಟ್ಟು ಬೆಳಗ್ಗೆ ತೂಗಿ. ಅದು ಕುಂಡದ ಪೂರ್ಣ ಹದದ ತೂಕ. ಮಣ್ಣಿನ ಮೇಲ್ಮೈಗೆ, ಒಳಗೆ ಕಪ್ಪು ಹೊರಗೆ ಬಿಳಿ ಇರುವ ಪ್ಲಾಸ್ಟಿಕ್ ಹಾಳೆ ಕಟ್ಟಿ, ಕಾಂಡದ ಸುತ್ತ ಹತ್ತಿ ತುರುಕಿ. ಮಣ್ಣಿನಿಂದ ನೇರ ಆವಿಯಾಗುವುದು ನಿಲ್ಲಬೇಕು.

ಒಂದು ಕುಂಡಕ್ಕೆ ಪ್ರತಿ ಸಂಜೆ ನೀರು ಕೊಟ್ಟು ಪೂರ್ಣ ಹದಕ್ಕಿಂತ 100 ಗ್ರಾಂ ಕಡಿಮೆಯಲ್ಲಿ ನಿಲ್ಲಿಸಿ. ಪೂರ್ಣ ಹದಕ್ಕೇ ಮುಟ್ಟಿಸಿದರೆ ಬೇರಿಗೆ ಗಾಳಿ ಸಾಲದು. ಇನ್ನೊಂದನ್ನು ಒಣಗಿಸಬೇಕು, ಆದರೆ ನೀರು ಪೂರ್ತಿ ನಿಲ್ಲಿಸಬೇಡಿ. ಇಷ್ಟು ಚಿಕ್ಕ ಕುಂಡದಲ್ಲಿ ಬೇರಿಗೆ ಸಿಗುವ ನೀರು 700 ಗ್ರಾಂ ಆಸುಪಾಸು. ಬೆಳೆದ ಗಿಡ ಅದನ್ನು ಎರಡೇ ದಿನದಲ್ಲಿ ಬರಿದು ಮಾಡುತ್ತದೆ. ಹೊಲದಲ್ಲಿ ಬರ ಹಾಗೆ ಬರುವುದಿಲ್ಲ. ಕೋಶಗಳು ತಮ್ಮೊಳಗಿನ ದ್ರಾವಣ ಸಾಂದ್ರವಾಗಿಸಿಕೊಂಡು ಒತ್ತಡ ಕಾಯ್ದುಕೊಳ್ಳಲು ಬೇಕಾದ ಅವಧಿ ಸಿಗದೆ ಗಿಡ ನೇರ ಬಾಡಿಬಿಡುತ್ತದೆ. ಆದ್ದರಿಂದ ದಿನಕ್ಕೆ ನಿವ್ವಳ ನಷ್ಟ 70 ಗ್ರಾಂ ದಾಟದಂತೆ, ಮಿಕ್ಕ ನೀರನ್ನು ಸಂಜೆ ಮರಳಿ ಹಾಕಿ. ಗಿಡ 310 ಗ್ರಾಂ ಕಳೆದುಕೊಂಡಿದ್ದರೆ 240 ಗ್ರಾಂ ವಾಪಸು. ಕೆಲವರು ಇದನ್ನು ಅತಿ ಎಚ್ಚರ ಅನ್ನುತ್ತಾರೆ. ಒಪ್ಪುವಂತಿಲ್ಲ, ಬರದ ಕುಂಡ ಪರೀಕ್ಷೆಗಳು ಹೊಲಕ್ಕೆ ಹೊಂದದೆ ಹೋಗಲು ಈ ಆತುರವೂ ಒಂದು ಕಾರಣ.

ಪ್ರತಿದಿನ ಎರಡು ಸಂಖ್ಯೆ ಬೇಕು. ಮೊದಲನೆಯದು ಒಣಗುವ ಗಿಡದ ದಿನದ ನಷ್ಟವನ್ನು ನೀರುಂಡ ಗಿಡದ ನಷ್ಟದಿಂದ ಭಾಗಿಸಿದ ಅನುಪಾತ. 310 ಭಾಗ 420 ಅಂದರೆ 0.74. ಎರಡು ಗಿಡಗಳ ಗಾತ್ರ ಒಂದೇ ಇರುವುದಿಲ್ಲವಾದ್ದರಿಂದ, ಎರಡಕ್ಕೂ ನೀರು ಸಾಕಷ್ಟಿದ್ದ ಮೊದಲ ಮೂರು ದಿನಗಳ ಅನುಪಾತದಿಂದ ಮತ್ತೆ ಭಾಗಿಸಬೇಕು. ಅದು 0.95 ಇದ್ದರೆ ಉತ್ತರ 0.78. ಮೋಡ, ಬಿಸಿಲು, ಗಾಳಿ ಎರಡು ಗಿಡಕ್ಕೂ ಒಂದೇ ಆದ್ದರಿಂದ ಅನುಪಾತದಲ್ಲಿ ಕಳೆದುಹೋಗುತ್ತವೆ. ಎರಡನೆಯದು ಉಳಿದಿರುವ ಬಳಕೆಯೋಗ್ಯ ನೀರಿನ ಪಾಲು. ಪೂರ್ಣ ಹದ 6900, ಅನುಪಾತ 0.1ಕ್ಕಿಳಿದ ಕೊನೆಯ ದಿನ 6150, ಇವತ್ತು 6375 ಗ್ರಾಂ ಎಂದರೆ ಉಳಿದದ್ದು 225 ಭಾಗ 750, ಅಂದರೆ 0.30.

ಇವೆರಡನ್ನು ಎದುರು ಬದುರು ಇಟ್ಟು ಗೆರೆ ಎಳೆದರೆ ಗಿಡದ ತೀರ್ಮಾನ ಕಾಣುತ್ತದೆ. ನೀರಿನ ಪಾಲು 1ರಿಂದ ಇಳಿಯುತ್ತ ಬಂದರೂ ಅನುಪಾತ ಬಹಳ ಹೊತ್ತು 1ರ ಹತ್ತಿರವೇ ಉಳಿದು, ಅನೇಕ ಬೆಳೆಗಳಲ್ಲಿ 0.3ರಿಂದ 0.4ರ ಸುಮಾರಿಗೆ ಮುರಿದು ಕೆಳಗಿಳಿಯುತ್ತದೆ. ಆ ಮುರಿತದ ದಿನ ಎಲೆ ಕಣ್ಣಿಗೆ ಚೆನ್ನಾಗಿಯೇ ಇರುತ್ತದೆ. ಎಲೆಯ ಉಷ್ಣತೆ ಮಾತ್ರ ನೀರುಂಡ ಗಿಡದ ಎಲೆಗಿಂತ ಮಧ್ಯಾಹ್ನ ಮೇಲೇಳತೊಡಗಿರುತ್ತದೆ. ಐದು ನಿಮಿಷದ ಓದುಗಳಲ್ಲಿ ಇನ್ನೂ ಮೊದಲೇ ಸುಳಿವಿದೆ: ಬೆಳಗಿನ ನಷ್ಟ ಎರಡು ಗಿಡದಲ್ಲೂ ಸಮ, ವಿಪಿಡಿ ಏರಿದ ಮಧ್ಯಾಹ್ನ ಮಾತ್ರ ಒಣಗುವ ಗಿಡದ ಗೆರೆ ಚಪ್ಪಟೆಯಾಗುತ್ತದೆ. ದಿನದ ಮೊತ್ತವಷ್ಟೇ ನೋಡುವವರಿಗೆ ಇದು ತಪ್ಪಿಹೋಗುತ್ತದೆ. ಗಿಡದ ಸ್ವಂತ ತೂಕವೂ ದಿನಕ್ಕಿಷ್ಟು ಬೆಳೆಯುತ್ತದೆಂಬುದು ನೆನಪಿರಲಿ. ಕೊನೆಯಲ್ಲಿ ಎರಡೂ ಗಿಡ ಕತ್ತರಿಸಿ ತೂಗಿ ತಿದ್ದಿಕೊಳ್ಳಬೇಕು.

ಪರೀಕ್ಷೆ ಎರಡು: ನೀರಿದ್ದೂ ಬರದ ಸಂದೇಶ

ಒಣಗುವ ಗಿಡದಲ್ಲಿ ಹೆಚ್ಚುವ ಎಬಿಎ ಪತ್ರರಂಧ್ರದ ಇಕ್ಕೆಲದ ಕಾವಲು ಕೋಶದ ಗ್ರಾಹಕಗಳಿಗೆ ಅಂಟಿ, ಅಲ್ಲಿ ಕೈನೇಸ್ ಎಂಬ ಕಿಣ್ವಗಳ ಕೆಲಸ ತಡೆದಿಟ್ಟಿದ್ದ ಇನ್ನೊಂದು ಬಗೆಯ ಕಿಣ್ವಗಳಾದ ಫಾಸ್ಫಟೇಸ್‌ಗಳನ್ನು ಸುಮ್ಮನಾಗಿಸುತ್ತದೆ. ಬಿಡುಗಡೆಯಾದ ಕೈನೇಸ್‌ಗಳು ಋಣ ಅಯಾನಿನ ದ್ವಾರ ತೆರೆಯುತ್ತವೆ, ಹಿಂದೆಯೇ ಪೊಟ್ಯಾಸಿಯಂ ಹೊರಹರಿಯುತ್ತದೆ, ನೀರೂ ಜೊತೆಗೆ ಹೋಗಿ ಕೋಶ ಸಡಿಲಗೊಂಡು ರಂಧ್ರ ಮುಚ್ಚುತ್ತದೆ. ಇಷ್ಟೆಲ್ಲ ಆಗಲು ಹತ್ತಾರು ನಿಮಿಷ ಸಾಕು. ಮಣ್ಣು ಹಸಿಯಿದ್ದಾಗಲೇ ಎಬಿಎ ಕೊಟ್ಟರೆ ನೀರಿನ ಕೊರತೆಯನ್ನೂ ಸಂದೇಶವನ್ನೂ ಬೇರ್ಪಡಿಸಿ ನೋಡಬಹುದು.

ಎಬಿಎಯ ಅಣುತೂಕ 264.3. 100 ಮೈಕ್ರೋಮೋಲಾರ್ ದ್ರಾವಣಕ್ಕೆ ಲೀಟರಿಗೆ 26.4 ಮಿ.ಗ್ರಾಂ. ನೇರ ನೀರಿನಲ್ಲಿ ಅದು ಸುಲಭವಾಗಿ ಕರಗುವುದಿಲ್ಲ. 1 ಮಿ.ಲೀ. ಎಥನಾಲ್‌ನಲ್ಲಿ ಕರಗಿಸಿ, ಕಲಕುತ್ತಲೇ ನೀರಿಗೆ ಸುರಿದು 1 ಲೀಟರ್ ಮಾಡಿ, ದ್ರಾವಣ ಎಲೆಗೆ ಹರಡಿಕೊಳ್ಳುವಂತೆ ಮಾಡುವ ಟ್ವೀನ್ 20 ಅನ್ನು 0.5 ಮಿ.ಲೀ. ಸೇರಿಸಿ. ಡಬ್ಬಿಯ ಮೇಲೆ ಪ್ಲಸ್ ಮೈನಸ್ ಎರಡೂ ಗುರುತಿದ್ದರೆ ಅದರಲ್ಲಿ ಸಸ್ಯಗಳಲ್ಲಿ ಸಹಜವಾಗಿರುವ ರೂಪ ಅರ್ಧ ಮಾತ್ರ, 52.8 ಮಿ.ಗ್ರಾಂ ತೂಗಿ. ಬೆಳಕಿಗೆ ಎಬಿಎ ಕೆಲಸಕ್ಕೆ ಬಾರದ ರೂಪಕ್ಕೆ ತಿರುಗುತ್ತದೆ. ಬಾಟಲಿಗೆ ಫಾಯಿಲ್ ಸುತ್ತಿ, ಸಿಂಪಡಣೆ ಸಂಜೆಯೇ ಮಾಡಿ. ಟೊಮೆಟೊದಲ್ಲಿ ಪತ್ರರಂಧ್ರ ಎಲೆಯಡಿಯಲ್ಲಿ ಹೆಚ್ಚು, ಅಡಿಯೂ ನೆನೆಯಲಿ. ಹೋಲಿಕೆಯ ಗಿಡಕ್ಕೆ ಎಥನಾಲ್, ಟ್ವೀನ್ ಅಷ್ಟೇ ಇರುವ ನೀರು.

ಸಿಂಪಡಿಸಿದ 30 ಮಿ.ಲೀ. ತಟ್ಟೆಯಲ್ಲಿ 30 ಗ್ರಾಂ ಏರಿಕೆಯಾಗಿ ಕಂಡು, ಒಣಗುತ್ತ ಬಾಷ್ಪವಿಸರ್ಜನೆಯ ವೇಷ ಹಾಕುತ್ತದೆ. ಅಂದಿನ ರಾತ್ರಿಯ ಓದು ಬಿಟ್ಟು ಮರುದಿನ ಬೆಳಗಿನಿಂದ ಲೆಕ್ಕ ಹಿಡಿಯಿರಿ. ನಷ್ಟ ಇಳಿದು, ಎಲೆ ಬಿಸಿಯಾಗಿ, ಗಿಡ ಎಬಿಎಯನ್ನು ಫೇಸಿಕ್ ಆಮ್ಲವಾಗಿ ಒಡೆಯುತ್ತ ಬಂದಂತೆ ಕೆಲವೇ ದಿನಗಳಲ್ಲಿ ಗೆರೆ ಮೇಲೇರಬೇಕು. ಏನೂ ಬದಲಾಗದಿದ್ದರೆ ದ್ರಾವಣ ಹಳೆಯದು ಅಥವಾ ಅಡಿಭಾಗಕ್ಕೆ ತಾಗಿಲ್ಲ. ಪ್ರಮಾಣ ಮೀರಿದರೆ ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಫ್ಲಾಕಾ ಎಂಬ ಟೊಮೆಟೊ ರೂಪಾಂತರಿಯ ಬೀಜ ದೊರೆತರೆ ಇದೇ ಪರೀಕ್ಷೆ ತಿರುಗುಮುರುಗಾಗಿ ಮಾಡಬಹುದು. ಸಾಕಷ್ಟು ಎಬಿಎ ತಯಾರಿಸಲಾರದ ಆ ಗಿಡ ನೀರಿದ್ದರೂ ಬಾಡುತ್ತಿರುತ್ತದೆ. ಸಿಂಪಡಣೆಯಿಂದ ಚೇತರಿಸಿಕೊಳ್ಳುತ್ತದೆ.

ಪರೀಕ್ಷೆ ಮೂರು: ಭಾರವಾದ ಕುಂಡ, ಕುಡಿಯದ ಗಿಡ

ಹೊಸ ಗಿಡವಿರುವ ಕುಂಡವನ್ನು ಬಕೆಟ್ಟಿನೊಳಗಿಟ್ಟು ಮಣ್ಣಿನ ಮೇಲೆ 2 ಸೆ.ಮೀ. ನಿಲ್ಲುವಂತೆ ನೀರು ತುಂಬಿ, ಬಕೆಟ್ಟಿನ ಬಾಯಿಗೂ ಹಾಳೆ ಕಟ್ಟಿ. ತೇವಾಂಶ ಮಾಪಕ ಈ ಕುಂಡಕ್ಕೆ ನೂರಕ್ಕೆ ನೂರು ಅಂಕ ಕೊಡುತ್ತದೆ. ತಕ್ಕಡಿ ಬೇರೆಯದನ್ನೇ ಹೇಳುತ್ತದೆ: ಬಾಷ್ಪವಿಸರ್ಜನೆ ಇಳಿಯುತ್ತಿದೆ. ಆಮ್ಲಜನಕ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಇದ್ದಷ್ಟನ್ನು ಬೇರು ಮತ್ತು ಸೂಕ್ಷ್ಮಜೀವಿಗಳು ಬೇಗ ಮುಗಿಸುತ್ತವೆ. ಉಸಿರುಗಟ್ಟಿದ ಬೇರಿನ ಕೋಶದ್ರವ ಆಮ್ಲೀಯವಾಗಿ ನೀರಿನ ಸಾಗಣೆಯ ಪ್ರೋಟೀನ್ ದ್ವಾರಗಳು ಮುಚ್ಚುತ್ತವೆ. ಸುತ್ತ ನೀರಿದ್ದೂ ಬೇರು ಎಳೆಯಲಾರದು.

ಜೊತೆಗೆ ಎಥಿಲೀನ್ ಎಂಬ ಅನಿಲ ಹಾರ್ಮೋನು. ಬೇರಿನಲ್ಲಿ ಅದರ ಪೂರ್ವವಸ್ತುವಾದ ಎಸಿಸಿ ಶೇಖರವಾಗುತ್ತದೆ. ಕೊನೆಯ ಹೆಜ್ಜೆಗೆ ಆಮ್ಲಜನಕ ಬೇಕಾದ್ದರಿಂದ ಬೇರಿನಲ್ಲಿ ಮುಂದುವರಿಯದು. ಎಸಿಸಿ, ನೀರು ಸಾಗಿಸುವ ನಾಳವಾದ ಕ್ಸೈಲಮ್ ಹಿಡಿದು ಮೇಲೇರಿ, ಗಾಳಿಯಿರುವ ಚಿಗುರಿನಲ್ಲಿ ಎಥಿಲೀನ್ ಆಗುತ್ತದೆ. ತೊಟ್ಟಿನ ಮೇಲುಭಾಗ ಕೆಳಭಾಗಕ್ಕಿಂತ ಬೇಗ ಬೆಳೆದು ಎಲೆ ಕೆಳಗೆ ಬಾಗುತ್ತದೆ. ತುದಿಯಿಂದ ನಾಲ್ಕನೇ ಎಲೆಯ ತೊಟ್ಟಿಗೆ ದಾರ ಕಟ್ಟಿ ಗುರುತು ಮಾಡಿ, ಕಾಂಡಕ್ಕೂ ತೊಟ್ಟಿಗೂ ನಡುವಿನ ಕೋನವನ್ನು ಕೋನಮಾಪಕದಿಂದ ಬೆಳಗ್ಗೆ ಸಂಜೆ ಅಳೆಯಿರಿ. ಒಂದೆರಡು ದಿನದಲ್ಲಿ ಕೋನ ಸ್ಪಷ್ಟವಾಗಿ ಅಗಲವಾಗುತ್ತದೆ. ಇದನ್ನು ಬಾಡುವಿಕೆ ಎಂದುಕೊಂಡು ಇನ್ನಷ್ಟು ನೀರು ಹಾಕುವುದು ಎಲ್ಲ ಕಡೆ ನಡೆಯುವ ಅನಾಹುತ. ಮುಟ್ಟಿ ನೋಡಿ: ಬಾಡಿದ ತೊಟ್ಟು ಮೆತ್ತಗಿರುತ್ತದೆ, ಎಥಿಲೀನಿಗೆ ಬಾಗಿದ ತೊಟ್ಟು ಗಡುಸಾಗಿಯೇ ಇದ್ದು ಬೆರಳಿಗೆ ಎದುರಾಗುತ್ತದೆ. ಮೂರು ದಿನ ದಾಟಿಸದೆ ನೀರು ಬಸಿಯಿರಿ.

ತಟ್ಟೆಗೊಂದು ಗಿಡ ಇಟ್ಟು ಮಾಡಿದ್ದು ಪ್ರಾತ್ಯಕ್ಷಿಕೆ. ತಳಿಗಳನ್ನು ಹೋಲಿಸುವ ಉದ್ದೇಶವಿದ್ದರೆ ಪ್ರತಿ ಉಪಚಾರಕ್ಕೆ ಕನಿಷ್ಠ ಐದಾರು ಗಿಡ ಬೇಕು. ಅಷ್ಟು ತಟ್ಟೆ ಇಲ್ಲದಿದ್ದರೆ ಹೆಚ್ಚುವರಿ ಕುಂಡಗಳನ್ನು ಬೆಳಗ್ಗೆ, ಸಂಜೆ ಕೈಯಿಂದ ಎತ್ತಿ ತೂಗಿದರೂ ದಿನದ ಅನುಪಾತ ಸಿಗುತ್ತದೆ, ಮಧ್ಯಾಹ್ನದ ಚಪ್ಪಟೆ ಗೆರೆ ಮಾತ್ರ ಸಿಗದು. ಒಣಗಿಸಿದ ಗಿಡಕ್ಕೆ ನೀರು ಕೊಟ್ಟ ಮೇಲೂ ತಕ್ಕಡಿ ಆರಿಸಬೇಡಿ. ಎಲೆ ಕೆಲವೇ ಗಂಟೆಯಲ್ಲಿ ನೆಟ್ಟಗಾದರೂ ಅನುಪಾತ ಮೊದಲಿನ ಮಟ್ಟಕ್ಕೆ ಬರಲು ಇನ್ನೂ ದಿನ ಹಿಡಿಯಬಹುದು. ಆ ಓದು ಮುಗಿದ ಮೇಲೆ ಕುಂಡ ಇಳಿಸಿ, ಮೊದಲು ಬಳಸಿದ ಅದೇ ಬಾಟಲಿಗಳನ್ನು ಮತ್ತೆ ತಟ್ಟೆಗಿಡಿ. 8 ಕಿಲೋದಲ್ಲಿ 10 ಗ್ರಾಂಗಿಂತ ಹೆಚ್ಚು ಸರಿದಿದ್ದರೆ ಆ ಸೆಲ್‌ನ ರಾತ್ರಿಯ ಸಂಖ್ಯೆಗಳನ್ನು ಬಿಟ್ಟುಬಿಡಿ, ಹಗಲಿನವನ್ನು ಇಟ್ಟುಕೊಳ್ಳಬಹುದು.